ಟಿಬೆಟ್ಟಿನ ಟೀ, ನಮ್ಮೂರಿನ ಮಿಕ್ಸಿ

ಇವತ್ತು ರಾಜಕೀಯ ಬೇಡ, ಟೀ ಬಗ್ಗೆ ಮಾತಾಡೋಣ.

ಮೊದಲು ಒಂದು ಪ್ರಶ್ನೆ. ನಿಮ್ಮ ಮನೆಯ ಮಿಕ್ಸಿಯಲ್ಲಿ ಏನೇನು ಮಾಡ್ತೀರಿ? ಚಟ್ನಿ ರುಬ್ಬುತ್ತೀರಿ. ಸಾರಿಗೆ ಮಸಾಲೆ ಅರೀತೀರಿ. ಬೇಸಿಗೆಯಲ್ಲಿ ಮಕ್ಕಳಿಗೆ ಜ್ಯೂಸ್ ಮಾಡ್ತೀರಿ. ಟೀ ಮಾಡ್ತೀರಾ?

ನಗಬೇಡಿ. ಹುಣಸೂರಿನಿಂದ ಮಡಿಕೇರಿ ರಸ್ತೆ ಹಿಡಿದು ಹೊರಟರೆ, ಪಿರಿಯಾಪಟ್ಟಣ ಕಳೆದು ಕಾವೇರಿ ದಾಟೋ ಮುಂಚೆ ಬೈಲಕುಪ್ಪೆ ಸಿಗುತ್ತೆ. ಅಲ್ಲಿನ ಟಿಬೆಟನ್ ಕ್ಯಾಂಪಿನ ಮನೆಗಳಲ್ಲಿ ಬೆಳಗ್ಗೆ ಮಿಕ್ಸಿ ಸದ್ದು ಕೇಳಿದರೆ ಅದು ಚಟ್ನಿಯೇ ಆಗಿರಬೇಕು ಅಂತೇನಿಲ್ಲ. ಟೀ ಇರಬಹುದು. ಡಿಕಾಕ್ಷನ್, ಬೆಣ್ಣೆ, ಉಪ್ಪು, ಸ್ವಲ್ಪ ಹಾಲು, ಎಲ್ಲ ಜಾರಿಗೆ ಹಾಕಿ ಗುರ್ರ್ ಅಂತ ತಿರುಗಿಸೋದು. ಹೌದು, ಉಪ್ಪು. ಹೌದು, ಬೆಣ್ಣೆ.

ಈ ಮಾತು ಹೇಳಿದ ಕೂಡಲೇ ನಮ್ಮವರು ಮುಖ ಕಿವುಚುತ್ತಾರೆ. 'ಅದೂ ಒಂದು ಟೀನಾ?' ಅಂತಾರೆ. ಅರವತ್ತು ವರ್ಷ ದಾಟಿತು ಸ್ವಾಮಿ, ಅವರು ನಮ್ಮ ಪಕ್ಕದಲ್ಲೇ ಇದ್ದಾರೆ. ಪ್ರವಾಸಿಗರನ್ನು ಕರಕೊಂಡು ಹೋಗಿ ಗೋಲ್ಡನ್ ಟೆಂಪಲ್ ತೋರಿಸ್ತೀವಿ, ಮೊಮೊ ತಿಂತೀವಿ, ಚಳಿಗಾಲದಲ್ಲಿ ಅವರ ಹತ್ತಿರ ಸ್ವೆಟರ್ ಕೊಳ್ತೀವಿ. ಆದರೆ ಅವರ ಟೀ ಯಾಕೆ ಹಾಗಿದೆ, ಅದನ್ನು ಮಾಡೋಕೆ ಮಿಕ್ಸಿ ಯಾಕೆ ಬಂತು ಅಂತ ಒಬ್ಬರೂ ಕೇಳಿಲ್ಲ. ಇವತ್ತು ಕೇಳೋಣ. ಯಾಕೆಂದರೆ ಈ ಪ್ರಶ್ನೆಯ ಉತ್ತರ ನಿಮ್ಮ ಅಡುಗೆಮನೆಯವರೆಗೂ ಬರುತ್ತೆ.

ಮೊದಲು ಅವರು ಬಂದ ಕತೆ. 1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲಾಸಾ ಬಿಟ್ಟು ಭಾರತಕ್ಕೆ ಬಂದರು. ಹಿಂದೆಯೇ ಸಾವಿರಾರು ಜನ ಹಿಮದ ಕಣಿವೆಗಳನ್ನು ನಡೆದು ದಾಟಿ ಬಂದರು. ಅವರಿಗೆ ಜಾಗ ಕೊಡಿ ಅಂತ ನೆಹರೂ ಸರ್ಕಾರ ರಾಜ್ಯಗಳನ್ನು ಕೇಳಿದಾಗ ಮುಂದೆ ಬಂದಿದ್ದು ನಮ್ಮ ಆಗಿನ ಮೈಸೂರು ರಾಜ್ಯ. 1960-61ರಲ್ಲಿ ಬೈಲಕುಪ್ಪೆಯ ಹತ್ತಿರ ಸುಮಾರು ಮೂರು ಸಾವಿರ ಎಕರೆ ಜಾಗದಲ್ಲಿ ಲುಗ್ಸುಂಗ್ ಸಮ್ದುಪ್ಲಿಂಗ್ ವಸಾಹತು ಶುರುವಾಯಿತು. 1969ರಲ್ಲಿ ಪಕ್ಕದಲ್ಲೇ ಡಿಕ್ಯಿ ಲಾರ್ಸೊ ಅಂತ ಇನ್ನೊಂದು. 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ರಬ್ಗ್ಯೇಲಿಂಗ್. ಜಾಗ ಅಂದರೆ ಸಿದ್ಧವಾದ ಹೊಲ ಅಲ್ಲ, ಕಾಡು. ಮರ ಕಡಿದು, ಆನೆ ಓಡಿಸಿ, ಮುಸುಕಿನ ಜೋಳ ಬೆಳೆಯೋದು ಕಲಿತರು. ಬಾರ್ಲಿ ಬೆಳೆದು ಗೊತ್ತಿದ್ದ ಕೈಗೆ ಜೋಳ, ಹಿಮ ನೋಡಿ ಗೊತ್ತಿದ್ದ ಕಣ್ಣಿಗೆ ಮೈಸೂರು ಸೀಮೆಯ ಏಪ್ರಿಲ್ ಬಿಸಿಲು. ಜ್ವರ, ಸಾವು ಎಲ್ಲ ಕಂಡರು. ಅದರ ನಡುವೆಯೂ ಅವರು ಬಿಡದೇ ಇದ್ದದ್ದು ಪ್ರಾರ್ಥನೆ ಮತ್ತು ಟೀ.

ಈಗ ಆ ಟೀ ನೋಡೋಣ. ಟಿಬೆಟ್ಟಿನಲ್ಲಿ ಟೀಗೆ ಬೆಣ್ಣೆ ಹಾಕೋದು ಹುಚ್ಚಿಗಲ್ಲ. ಲಾಸಾ ಇರೋದು ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಎತ್ತರದಲ್ಲಿ. ನಮ್ಮ ಹುಣಸೂರು, ಪಿರಿಯಾಪಟ್ಟಣ 800 ಮೀಟರ್ ಆಸುಪಾಸು. ಎತ್ತರ ಹೋದಷ್ಟೂ ಗಾಳಿಯ ಒತ್ತಡ ಕಮ್ಮಿ. ಒತ್ತಡ ಕಮ್ಮಿಯಾದಷ್ಟೂ ನೀರು ಬೇಗ ಕುದಿಯುತ್ತೆ. ಬೇಗ ಕುದಿಯೋದು ಒಳ್ಳೇದಲ್ವಾ ಅಂತೀರಾ? ಅಲ್ಲ. ನಮ್ಮಲ್ಲಿ ನೀರು ಕುದಿಯೋದು ಸುಮಾರು 97 ಡಿಗ್ರಿಗೆ. ಲಾಸಾದಲ್ಲಿ 88 ಡಿಗ್ರಿಗೇ ಕೊತಕೊತ ಅನ್ನುತ್ತೆ. ನೀವು ಎಷ್ಟು ಸೌದೆ ಒಟ್ಟಿದರೂ ಅದಕ್ಕಿಂತ ಬಿಸಿ ಆಗಲ್ಲ. ಹಾಗಾಗಿ ಬೇಳೆ ಬೇಯಲ್ಲ, ಅಕ್ಕಿ ಬೇಯಲ್ಲ, ಟೀ ಸೊಪ್ಪಿನ ಸಾರ ಬೇಗ ಬಿಡಲ್ಲ. ಹಿಮಾಲಯದ ಎತ್ತರದ ಊರುಗಳಲ್ಲಿ ಪ್ರೆಷರ್ ಕುಕ್ಕರ್ ಅನ್ನೋದು ಅನುಕೂಲದ ವಸ್ತು ಅಲ್ಲ, ಅದಿಲ್ಲದೆ ಅಡುಗೆಯೇ ಕಷ್ಟ. ಕುಕ್ಕರ್ ಬರೋಕೆ ಮುಂಚೆ ಏನು ಮಾಡ್ತಿದ್ದರು? ಗಂಟೆಗಟ್ಟಲೆ ಕುದಿಸ್ತಿದ್ದರು.

ಅವರಿಗೆ ಸಿಗುತ್ತಿದ್ದದ್ದು ಇಟ್ಟಿಗೆ ಟೀ. ಚೀನಾದ ಸಿಚುವಾನ್, ಯುನ್ನಾನ್ ಕಡೆಯಿಂದ ಸೊಪ್ಪು, ಕಡ್ಡಿ ಎಲ್ಲ ಸೇರಿಸಿ ಇಟ್ಟಿಗೆ ಥರ ಅಚ್ಚು ಹೊಡೆದು, ಹೇಸರಗತ್ತೆ ಮೇಲೆ, ಹಮಾಲಿಗಳ ಬೆನ್ನ ಮೇಲೆ ಬೆಟ್ಟ ದಾಟಿಸಿ ತರುತ್ತಿದ್ದರು. ಟೀ ಕೊಟ್ಟು ಟಿಬೆಟ್ಟಿನ ಕುದುರೆ ತಗೊಳ್ಳೋ ವ್ಯಾಪಾರ ಶತಮಾನಗಳ ಕಾಲ ನಡೆಯಿತು. ಆ ಇಟ್ಟಿಗೆಯಿಂದ ಒಂದು ಚೂರು ಮುರಿದು, ಅರ್ಧ ದಿನ ಕುದಿಸಿ, ಗಟ್ಟಿ ಕಷಾಯ ಮಾಡಿ ಇಟ್ಟುಕೊಳ್ಳೋದು. ಬೇಕಾದಾಗ ಬಿಸಿನೀರು, ಬೆಣ್ಣೆ, ಉಪ್ಪು ಸೇರಿಸೋದು.

ಬೆಣ್ಣೆ ಯಾಕೆ? ಚಳಿ, ಒಣಗಾಳಿ, ತರಕಾರಿ ಅಪರೂಪ. ಮೈಗೆ ಕಾವು ಬೇಕು, ತುಟಿ ಒಡೀಬಾರದು, ದನ ಮೇಯಿಸೋಕೆ ಬೆಟ್ಟ ಹತ್ತೋ ಶಕ್ತಿ ಬೇಕು. ಅದಕ್ಕೆ ಯಾಕ್ ಹಸುವಿನ ಬೆಣ್ಣೆ. ಉಪ್ಪು ಯಾಕೆ? ಕಬ್ಬು ಬೆಳೆಯದ ನಾಡಿನಲ್ಲಿ ಸಕ್ಕರೆ ದುಬಾರಿ, ಉಪ್ಪಿನ ಸರೋವರಗಳು ಬೇಕಾದಷ್ಟು. ಅಂದರೆ ಆ ಲೋಟದಲ್ಲಿ ಇರೋದು ಬರೀ ರುಚಿಯಲ್ಲ. ಆ ನಾಡಿನ ಎತ್ತರ, ಚಳಿ, ದನ, ವ್ಯಾಪಾರದ ದಾರಿ ಎಲ್ಲ ಅದರಲ್ಲಿದೆ.

ಆದರೆ ಬೆಣ್ಣೆ ನೀರಿಗೆ ಬೆರೆಯಲ್ಲ, ಮೇಲೆ ತೇಲುತ್ತೆ. ನಮ್ಮ ಹೆಂಗಸರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೆ ಜೋರಾಗಿ ಕಡೀಬೇಕು. ಕಡೆದಾಗ ಬೆಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು ಟೀಯೊಳಗೆ ಹರಡುತ್ತೆ, ಕುಡಿಯೋಕೆ ಹಾಲಿನ ಥರ ನುಣ್ಣಗೆ ಆಗುತ್ತೆ. ಇದಕ್ಕೆ ಅವರ ಸಾಧನ ಡೊಂಗ್ಮೊ. ಸೊಂಟದೆತ್ತರದ ಮರದ ಕೊಳವೆ, ಸುತ್ತ ಹಿತ್ತಾಳೆ ಪಟ್ಟಿ, ಒಳಗೆ ಮೇಲೆ ಕೆಳಗೆ ಆಡಿಸೋ ಕೋಲು. ನಮ್ಮ ಕಡಗೋಲು ತಿರುಗುತ್ತೆ, ಅವರ ಕೋಲು ಗುದ್ದುತ್ತೆ, ಅಷ್ಟೇ ವ್ಯತ್ಯಾಸ. ಇನ್ನೂ ಒಂದಿದೆ: ನಾವು ಮಜ್ಜಿಗೆಯಿಂದ ಬೆಣ್ಣೆ ತೆಗೆಯೋಕೆ ಕಡೀತೀವಿ, ಅವರು ಟೀಯೊಳಗೆ ಬೆಣ್ಣೆ ಸೇರಿಸೋಕೆ ಕಡೀತಾರೆ.

ಹಾಗೆ ನೋಡಿದರೆ ಈ ಸೀಮೆಗೆ ಬೆಣ್ಣೆಯೇನೂ ಹೊಸದಲ್ಲ. ಮೈಸೂರು ಅರಸರು ಕಟ್ಟಿದ ದನಗಳ ಇಲಾಖೆಯ ಹೆಸರೇ 'ಬೆಣ್ಣೆ ಚಾವಡಿ'. ಟಿಪ್ಪು ಅದಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟ. ಬ್ರಿಟಿಷರ ಕಾಲದಲ್ಲಿ ಆ ಇಲಾಖೆಯ ಕೇಂದ್ರ ಇದ್ದದ್ದು ಎಲ್ಲಿ ಗೊತ್ತಾ? ಇದೇ ಹುಣಸೂರಿನಲ್ಲಿ.

ವಿಷಯಕ್ಕೆ ಬರ್ತೀನಿ. ಬೈಲಕುಪ್ಪೆಗೆ ಬಂದಾಗ ಯಾಕ್ ಇಲ್ಲ. ಅದರ ಬೆಣ್ಣೆ ಇಲ್ಲ. ಬೆಟ್ಟ ದಾಟಿ ಬರುತ್ತಿದ್ದ ಇಟ್ಟಿಗೆ ಟೀಯ ದಾರಿ ಮುಚ್ಚಿತು. ಡೊಂಗ್ಮೊ ಹೊತ್ತು ತಂದವರು ಎಷ್ಟು ಜನ? ಜೀವ ಉಳಿಸಿಕೊಂಡು ಓಡಿ ಬರೋನು ಟೀ ಕಡೆಯೋ ಕೊಳವೆ ಹೊತ್ತು ತರ್ತಾನಾ? ಅವರು ಏನು ಮಾಡಿದರು? ಯಾಕ್ ಬೆಣ್ಣೆ ಬದಲು ಹಸು, ಎಮ್ಮೆಯ ಬೆಣ್ಣೆ. ಇಟ್ಟಿಗೆ ಬದಲು ಇಲ್ಲಿನ ಅಂಗಡಿಯ ಟೀ ಪುಡಿ. ಕೊನೆಗೆ ಡೊಂಗ್ಮೊ ಬದಲು ಮಿಕ್ಸಿ. ಒಂದೊಂದೇ ಸಾಮಾನು ಬದಲಾಯಿತು. ಲೋಟದಲ್ಲಿ ಇರೋದು ಮಾತ್ರ ಅದೇ ಟೀ.

ಈ ಮಿಕ್ಸಿಯ ಕತೆಯೂ ಸಣ್ಣದಲ್ಲ. ಅದು ಪಾಶ್ಚಾತ್ಯರು ಕೊಟ್ಟ ಯಂತ್ರ ಅಂದುಕೊಂಡಿದ್ದೀರಾ? ಅವರದ್ದು ಬ್ಲೆಂಡರ್. ಹಣ್ಣು, ಹಾಲು, ಬೇಯಿಸಿದ ತರಕಾರಿಗೆ ಮಾಡಿದ್ದು. ಅದಕ್ಕೆ ಒಣಮೆಣಸಿನಕಾಯಿ, ಅರಿಶಿನದ ಕೊಂಬು, ನೆನೆಸಿದ ಉದ್ದು ಹಾಕಿದರೆ ಮೋಟಾರು ಹೊಗೆ ಬಿಡುತ್ತೆ. 1960ರ ದಶಕದ ಆರಂಭದಲ್ಲಿ ಮುಂಬಯಿಯ ಸತ್ಯಪ್ರಕಾಶ್ ಮಾಥುರ್ ಅನ್ನೋ ಎಂಜಿನಿಯರ್ ಮನೆಯಲ್ಲಿ ಆಗಿದ್ದೂ ಇದೇ. ಪತ್ನಿ ಮಾಧುರಿ ಅವರ ಜರ್ಮನಿಯ ಮಿಕ್ಸರ್ ಸುಟ್ಟುಹೋಯಿತು, ಇಲ್ಲಿ ರಿಪೇರಿ ಮಾಡೋರು ಸಿಗಲಿಲ್ಲ. ಮಾಥುರ್ ತಾವೇ ಭಾರತದ ಅಡುಗೆಗೆ ತಡೆಯೋ ಮೋಟಾರು, ಸ್ಟೀಲ್ ಜಾರು, ಬ್ಲೇಡು ರೂಪಿಸಿದರು. 1963ರಲ್ಲಿ ಹುಟ್ಟಿದ್ದು ಸುಮೀತ್ ಮಿಕ್ಸಿ. ಆಮೇಲೆ ಎಷ್ಟೋ ಕಂಪನಿ ಬಂದವು. ನಮ್ಮ ಅಜ್ಜಿಯರ ಒರಳುಕಲ್ಲು ಹಿತ್ತಲಿಗೆ ಹೋಯಿತು.

ಲೆಕ್ಕ ಹಾಕಿ. ಬೈಲಕುಪ್ಪೆ ಕ್ಯಾಂಪೂ ಭಾರತದ ಮಿಕ್ಸಿಯೂ ಹೆಚ್ಚುಕಮ್ಮಿ ಒಂದೇ ವಯಸ್ಸಿನವು! ಉದ್ದು ರುಬ್ಬೋಕೆ ಹುಟ್ಟಿದ ಯಂತ್ರಕ್ಕೆ ಬೆಣ್ಣೆ ಟೀ ಕಡೆಯೋದು ಹೂವಿನ ಕೆಲಸ. ಹಳ್ಳಿಯಲ್ಲಿ ವೋಲ್ಟೇಜ್ ಇಳಿದಾಗ ಗಟ್ಟಿ ಚಟ್ನಿಗೆ ಬ್ಲೇಡು ಸಿಕ್ಕಿಕೊಂಡು ಮೋಟಾರು ಬಿಸಿಯಾಗಿ, ತಳದ ಕೆಂಪು ಬಟನ್ ಹೊರಗೆ ಚಿಮ್ಮಿ ಮಿಕ್ಸಿ ನಿಂತುಹೋಗೋದು ನೋಡಿದ್ದೀರಲ್ಲ? ಟೀಗೆ ಆ ತಾಪತ್ರಯ ಇಲ್ಲ. ಒಂದೇ ಎಚ್ಚರಿಕೆ: ಬಿಸಿ ಟೀಯನ್ನು ಜಾರಿನ ತುಂಬ ಹಾಕಿ ಒಮ್ಮೆಲೇ ಜೋರಾಗಿ ತಿರುಗಿಸಬೇಡಿ. ಒಳಗಿನ ಹಬೆ ಮುಚ್ಚಳ ಎಗರಿಸುತ್ತೆ, ಕೈ ಮುಖ ಸುಡುತ್ತೆ. ಅರ್ಧ ಜಾರು ಮಾತ್ರ, ಮುಚ್ಚಳದ ಮೇಲೆ ಬಟ್ಟೆ, ಬಿಟ್ಟು ಬಿಟ್ಟು ಒತ್ತಬೇಕು. ರಸಂ ಪುಡಿಗಿಂತ ಬೇರೆ ಏನೂ ಮಾಡದವರಿಗೂ ಈ ಮಾತು ಅನ್ವಯ.

ಒಂದು ವರದಿಗಾಗಿ ಕ್ಯಾಂಪಿಗೆ ಹೋಗಿದ್ದಾಗ ಒಬ್ಬ ಅಜ್ಜಿಯ ಮನೆಯಲ್ಲಿ ಕೂತಿದ್ದೆ. ಟಿವಿ ಬುದ್ಧಿ ನೋಡಿ, ನಮಗೆ ದೃಶ್ಯ ಬೇಕು. 'ಅಮಾಲಾ, ಹಳೇ ಡೊಂಗ್ಮೊ ಇದ್ರೆ ಅದರಲ್ಲೇ ಮಾಡಿ ತೋರಿಸ್ತೀರಾ?' ಅಂತ ಕೇಳಿದೆ. ಅವರು ಕಪಾಟಿನ ಮೇಲೆ ಕೈ ತೋರಿಸಿದರು. ಅಲ್ಲಿ ಅದು ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ನಿಂತಿತ್ತು. 'ಕೈ ನೋವು ಸರ್. ಮಿಕ್ಸಿ ಒಳ್ಳೇದು. ರುಚಿ ಅದೇ' ಅಂದರು, ನಮ್ಮದೇ ಪಿರಿಯಾಪಟ್ಟಣದ ಕನ್ನಡದಲ್ಲಿ. ನಾನು ಲೋಟ ಖಾಲಿ ಮಾಡಿದಂತೆಲ್ಲ ತುಂಬಿದರು. ಅವರಲ್ಲಿ ಅತಿಥಿಯ ಲೋಟ ಖಾಲಿ ಇರಬಾರದು. ಸಾಕು ಅನ್ನಿಸಿದರೆ ಕುಡಿಯದೆ ಹಾಗೇ ಬಿಟ್ಟು, ಹೊರಡೋ ಮುಂಚೆ ಕೊನೆಗೊಮ್ಮೆ ಕುಡಿದು ಏಳಬೇಕು. ರುಚಿ ಹೇಗಿತ್ತು ಅಂತೀರಾ? ಟೀ ಅಂದುಕೊಂಡು ಬಾಯಿಗಿಟ್ಟರೆ ವಿಚಿತ್ರ. ತೆಳ್ಳಗಿನ ಸಾರು, ಸೂಪು ಅಂದುಕೊಂಡು ಕುಡಿದರೆ ಎರಡನೇ ಗುಟುಕಿಗೇ ಹಿತ. ಅದರ ಜೊತೆ ಹುರಿದ ಬಾರ್ಲಿ ಹಿಟ್ಟು ಕಲೆಸಿ ಉಂಡೆ ಮಾಡಿ ಕೊಟ್ಟರು. ಅದು ತ್ಸಂಪಾ. ನಮ್ಮ ರಾಗಿ ಹುರಿಹಿಟ್ಟಿನ ಅಣ್ಣನೋ ತಮ್ಮನೋ ಇರಬೇಕು ಅನ್ನಿಸಿತು.

ಹಾಗಾದರೆ ಪ್ರಶ್ನೆ ಬರುತ್ತೆ: ಒಂದೇ ಟೀ ಸೊಪ್ಪು, ದೇಶಕ್ಕೊಂದು ಯಂತ್ರ ಯಾಕೆ? ಇಲ್ಲಿಂದ ಸ್ವಲ್ಪ ಜಗತ್ತು ಸುತ್ತಿ ಬರೋಣ.

ಇಂಗ್ಲೆಂಡಿನ ಅಡುಗೆಮನೆಯ ರಾಜ ಎಲೆಕ್ಟ್ರಿಕ್ ಕೆಟಲ್. ಅಲ್ಲಿ ಕರೆಂಟು 230 ವೋಲ್ಟ್, ಪ್ಲಗ್ಗು 13 ಆಂಪ್. ಎರಡನ್ನೂ ಗುಣಿಸಿ: ಹತ್ತಿರ ಹತ್ತಿರ 3,000 ವ್ಯಾಟ್. ಅಂಥ ಕೆಟಲ್‌ನಲ್ಲಿ ಒಂದು ಲೀಟರ್ ನೀರು ಎರಡು ನಿಮಿಷದಲ್ಲಿ ಕುದಿಯುತ್ತೆ. ಅಮೆರಿಕದಲ್ಲಿ ಗೋಡೆಯ ಪ್ಲಗ್ಗು 120 ವೋಲ್ಟ್. ಅಲ್ಲಿ ಕೆಟಲ್ ಅಂದರೆ ಸಾಮಾನ್ಯವಾಗಿ 1,500 ವ್ಯಾಟ್. ಅದೇ ನೀರಿಗೆ ನಾಲ್ಕು ನಿಮಿಷ. ಕಾಫಿ ಕುಡಿಯೋ ಜನ, ಕಾಫಿ ಮೆಷಿನ್ ಇಟ್ಟುಕೊಂಡರು, ಕೆಟಲ್ ಅಷ್ಟಾಗಿ ಬೇರೂರಲಿಲ್ಲ. ಜಪಾನಿನಲ್ಲಿ ಇನ್ನೂ ಕಮ್ಮಿ, 100 ವೋಲ್ಟ್. ಅವರು ಇನ್ನೊಂದು ದಾರಿ ಹಿಡಿದರು: ಬೇಗ ಕಾಯಿಸೋ ಬದಲು, ಕಾದದ್ದನ್ನು ಇಡೀ ದಿನ ಬಿಸಿಯಾಗಿಡೋ ಪಾಟ್. ಅವರ ಹಸಿರು ಟೀಗೆ ಕುದಿಯೋ ನೀರೂ ಬೇಡ, 70-80 ಡಿಗ್ರಿ ಸಾಕು. ಕುದಿನೀರು ಹಾಕಿದರೆ ಕಹಿ ಬಿಡುತ್ತೆ.

ಟಿವಿಯವನಾಗಿ ನನಗೆ ತುಂಬ ಇಷ್ಟದ ಒಂದು ಸಂಗತಿ ಹೇಳ್ತೀನಿ. ಬ್ರಿಟನ್ನಿನಲ್ಲಿ ಜನಪ್ರಿಯ ಕಾರ್ಯಕ್ರಮ ಮುಗಿದ ಕೂಡಲೇ ಲಕ್ಷಾಂತರ ಮನೆಗಳಲ್ಲಿ ಒಟ್ಟಿಗೇ ಕೆಟಲ್ ಆನ್ ಆಗುತ್ತೆ. ವಿದ್ಯುತ್ ಇಲಾಖೆಯವರು ಟಿವಿ ಕಾರ್ಯಕ್ರಮದ ಪಟ್ಟಿ ಮುಂದಿಟ್ಟುಕೊಂಡು ಕೂರ್ತಾರೆ. 1990ರ ಜುಲೈ 4ರಂದು ವಿಶ್ವಕಪ್ ಫುಟ್‌ಬಾಲ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಪಶ್ಚಿಮ ಜರ್ಮನಿಗೆ ಪೆನಾಲ್ಟಿಯಲ್ಲಿ ಸೋತಿತು. ಆಟ ಮುಗಿಯುತ್ತಲೇ ಬೇಡಿಕೆ ಒಮ್ಮೆಲೇ 2,800 ಮೆಗಾವ್ಯಾಟ್ ಏರಿತು. ದೀಪ, ನೀರಿನ ಪಂಪು ಎಲ್ಲ ಸೇರಿ ಅಂತಿಟ್ಟುಕೊಳ್ಳಿ, ಆದರೂ ದೊಡ್ಡ ಪಾಲು ಕೆಟಲ್‌ನದು. ನಮ್ಮ ಶರಾವತಿ ವಿದ್ಯುದಾಗಾರದ ಪೂರ್ತಿ ಸಾಮರ್ಥ್ಯ 1,035 ಮೆಗಾವ್ಯಾಟ್. ಅಂಥ ಎರಡೂವರೆ ಶರಾವತಿ, ಸೋತ ದುಃಖಕ್ಕೆ ಟೀ ಕಾಸೋಕೆ ಖರ್ಚಾಯಿತು!

ಟರ್ಕಿಗೆ ಬನ್ನಿ. ತಲಾ ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಟೀ ಕುಡಿಯೋರು ಅವರು. ಒಂದರ ಮೇಲೊಂದು ಕೂರೋ ಎರಡು ಕೆಟಲ್. ಕೆಳಗಡೆ ನೀರು ಕುದೀತಾ ಇರುತ್ತೆ, ಅದರ ಹಬೆಗೆ ಮೇಲಿನದರಲ್ಲಿ ಗಟ್ಟಿ ಡಿಕಾಕ್ಷನ್ ನಿಧಾನ ಬೇಯುತ್ತೆ. ಸ್ಟ್ರಾಂಗ್ ಬೇಕಾದವರಿಗೆ ಮೇಲಿನದು ಜಾಸ್ತಿ, ಲೈಟ್ ಬೇಕಾದವರಿಗೆ ಕೆಳಗಿನದು ಜಾಸ್ತಿ. ಹಾಲು ಇಲ್ಲವೇ ಇಲ್ಲ. ರಷ್ಯಾದ ಸಮೋವಾರ್ ನೋಡಿದರೆ ನಮ್ಮ ಹಿರಿಯರಿಗೆ ಹಳೇ ಬಚ್ಚಲುಮನೆಯ ತಾಮ್ರದ ಬಾಯ್ಲರ್ ನೆನಪಾಗುತ್ತೆ. ನಡುವೆ ಕೆಂಡ ಹಾಕೋ ಕೊಳವೆ, ಸುತ್ತ ನೀರು, ಕೆಳಗೆ ನಲ್ಲಿ. ಚಳಿದೇಶದಲ್ಲಿ ಅದು ನೀರೂ ಕಾಯಿಸ್ತಿತ್ತು, ಮನೆಯನ್ನೂ ಬೆಚ್ಚಗಿಡ್ತಿತ್ತು.

ಇಷ್ಟು ಯಂತ್ರಗಳ ನಡುವೆ ನಮ್ಮದು ಯಾವುದು? ಒಂದು ಪಾತ್ರೆ, ಒಂದು ಇಕ್ಕಳ, ಒಂದು ಸೋಸೋ ಜಾಲರಿ. ಅಷ್ಟೇ! ನಾವು ಹಿಂದುಳಿದವರು ಅಂತಲ್ಲ. ನಮ್ಮ ಟೀ ನೆನೆಸೋ ಟೀ ಅಲ್ಲ, ಕುದಿಸೋ ಟೀ. ನೀರು, ಪುಡಿ, ಸಕ್ಕರೆ, ಹಾಲು ಎಲ್ಲ ಒಟ್ಟಿಗೆ ಬೆಂಕಿ ಮೇಲೆ ಏರಬೇಕು, ಉಕ್ಕಬೇಕು, ಇಳಿಯಬೇಕು, ಮತ್ತೆ ಉಕ್ಕಬೇಕು. ಇದನ್ನು ಕೆಟಲ್‌ಗೆ ಹಾಕಿ ನೋಡಿ: ಹಾಲು ತಳ ಹಿಡಿಯುತ್ತೆ, ಉಕ್ಕಿ ಸ್ವಿಚ್ಚಿನೊಳಗೆ ಇಳಿಯುತ್ತೆ, ಕೆಟಲ್ ಕತೆ ಮುಗಿಯುತ್ತೆ. ಜೊತೆಗೆ ನಮ್ಮ ಸಣ್ಣ ಪ್ಲಗ್ಗು 6 ಆಂಪ್‌ನದು, 1,380 ವ್ಯಾಟ್‌ಗೆ ಅದರ ಶಕ್ತಿ ಮುಗೀತು. ದೊಡ್ಡ ಪ್ಲಗ್ಗು ಎಲ್ಲರ ಅಡುಗೆಮನೆಯಲ್ಲೂ ಇರಲ್ಲ. ಬೆಳಗ್ಗೆ ಕರೆಂಟು ಇರುತ್ತೆ ಅನ್ನೋ ಗ್ಯಾರಂಟಿ ಎಲ್ಲ ಹಳ್ಳಿಗೂ ಇಲ್ಲ. ಹಾಗಾಗಿ ಸ್ಟವ್ ಮೇಲಿನ ಪಾತ್ರೆಯೇ ನಮಗೆ ಸರಿಯಾದ ಯಂತ್ರ.

ಕುದಿಸೋ ಟೀ ತಾನೇ ಸನಾತನ, ಉಳಿದದ್ದೆಲ್ಲ ವಿಚಿತ್ರ ಅಂದುಕೊಂಡಿದ್ದರೆ ಇನ್ನೊಂದು ಮಾತು ಕೇಳಿ. ನಮ್ಮ ಮುತ್ತಜ್ಜಂದಿರು ಬೆಳಗ್ಗೆ ಕುಡಿದದ್ದು ಟೀ ಅಲ್ಲ. ಅಂಬಲಿ, ಮಜ್ಜಿಗೆ, ಪಕ್ಕದ ಕೊಡಗಿನ ದೆಸೆಯಿಂದ ಬೆಲ್ಲದ ಕಾಫಿ. ಟೀ ಬೆಳೆದದ್ದು ಬ್ರಿಟಿಷರ ತೋಟದಲ್ಲಿ, ರಫ್ತಿಗಾಗಿ. ಇಲ್ಲಿನ ಜನರಿಗೆ ಅದನ್ನು ಕಲಿಸೋಕೆ ಟೀ ಪ್ರಚಾರದವರು 20ನೇ ಶತಮಾನದ ಮೊದಲ ಅರ್ಧದಲ್ಲಿ ಊರೂರು ಸುತ್ತಿ ಪುಕ್ಕಟೆ ಟೀ ಕೊಟ್ಟರು, ಹೀಗೆ ಮಾಡಿ, ಹಾಗೆ ಮಾಡಿ ಅಂತ ಪಾಠ ಹೇಳಿದರು. ಅವರು ಹೇಳಿದ್ದು ಇಂಗ್ಲಿಷರ ಪದ್ಧತಿ: ಪುಡಿಗೆ ಬಿಸಿನೀರು ಹಾಕಿ ನೆನೆಸಿ ಅಂತ. ನಮ್ಮವರು ಟೀ ತಗೊಂಡರು, ಪಾಠ ಬಿಟ್ಟರು. ಹಾಲು, ಸಕ್ಕರೆ ಜಾಸ್ತಿ ಹಾಕಿ ಕುದಿಸಿದರು. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಸಿಟಿಸಿ ಯಂತ್ರ ಬಂತು. ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡಿ ಕಾಳಿನಂಥ ಪುಡಿ ಮಾಡೋದು. ಅದು ಕಮ್ಮಿ ಪುಡಿಗೆ ಜಾಸ್ತಿ ಬಣ್ಣ ಬಿಡುತ್ತೆ, ಹಾಲನ್ನು ತಡೆಯುತ್ತೆ, ಕಾಸಿಗೂ ಅಗ್ಗ. ನಮ್ಮ ಹಾಲಿನ ಟೀ ಮನೆಮನೆಗೆ ಹೋದದ್ದು ಅದರ ಹೆಗಲೇರಿ.

ಟೀ ನಮ್ಮೂರಿಗೆ ಒಗ್ಗಿದ ಬಗೆಯೂ ಅಷ್ಟೇ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹೊಗೆಸೊಪ್ಪಿನ ಬ್ಯಾರನ್‌ಗಳನ್ನು ನೋಡಿ. ಸೊಪ್ಪು ಬೇಯೋವಾಗ ನಾಲ್ಕೈದು ದಿನ ಹಗಲೂ ರಾತ್ರಿ ಬೆಂಕಿ ಆರಬಾರದು, ಕಾವು ಏರುಪೇರಾಗಬಾರದು. ಒಂದು ರಾತ್ರಿ ನಿದ್ದೆ ಹೋದರೆ ವರ್ಷದ ದುಡಿಮೆ ಬೂದಿ. ಅಲ್ಲಿ ರಾತ್ರಿ ಎರಡು ಗಂಟೆಗೆ ಫ್ಲಾಸ್ಕಿನಿಂದ ಬಗ್ಗಿಸೋ ಟೀ ಶೋಕಿಗಲ್ಲ, ಎಚ್ಚರಕ್ಕೆ. ಅದರಲ್ಲಿ ಸಕ್ಕರೆ ಜಾಸ್ತಿ, ಹಾಲು ಕಮ್ಮಿ, ಯಾಕೆಂದರೆ ಹಾಲು ಡೈರಿಗೆ ಹೋಗಬೇಕು. ಎಚ್.ಡಿ. ಕೋಟೆಯಿಂದ ಬಾವಲಿ ಕಡೆ ಹೋದರೆ ಕೇರಳದ ಗಾಳಿ ಶುರು. ಅಲ್ಲಿ ಹಾಲೇ ಇಲ್ಲದ ಕಟ್ಟನ್ ಚಾಯ. ಒಂದು ಜಿಲ್ಲೆಯ ನಾಲ್ಕು ತಾಲ್ಲೂಕಿನೊಳಗೆ ಹಾಲಿನ ಟೀ, ಕರಿ ಟೀ, ಬೆಣ್ಣೆ ಟೀ ಮೂರೂ ಇವೆ. ಹೆಸರೂ ಹಾಗೇ. ಹಳೇ ಮೈಸೂರಿನ ನಾವು 'ಟೀ' ಅಂತೀವಿ, ಧಾರವಾಡದವರು 'ಚಹಾ', ಮಂಗಳೂರಿನವರು 'ಚಾ'. ಚೀನಾದಿಂದ ಭೂಮಿ ದಾರಿಯಲ್ಲಿ ಹೋದಲ್ಲೆಲ್ಲ 'ಚಾ' ಅಂತಾಯಿತು, ಫುಜಿಯಾನ್ ಬಂದರಿನಿಂದ ಡಚ್ಚರ ಹಡಗು ಹತ್ತಿ ಹೋದದ್ದು 'ಟೀ' ಆಯಿತು. ನಮಗೆ ಇಂಗ್ಲಿಷಿನ ಮೂಲಕ ಬಂದದ್ದು ಟೀ. ಕ್ಯಾಂಪಿನ ಅಜ್ಜಿ ಅದನ್ನು 'ಚಾ' ಅಂತಲೇ ಕರೀತಾರೆ. ಈ ಒಂದು ವಿಷಯದಲ್ಲಿ ಧಾರವಾಡಕ್ಕೆ ನಮಗಿಂತ ಲಾಸಾ ಹತ್ತಿರ!

ಈಗ ಕಷ್ಟದ ಮಾತು. ಬೆಣ್ಣೆ ಟೀಯನ್ನು ಹಾಡಿ ಹೊಗಳೋಕೆ ನಾನು ಕೂತಿಲ್ಲ. ಹಿಮದ ನಾಡಿಗೆ ಸರಿಯಾದ ಬೆಣ್ಣೆ, ಉಪ್ಪು ಬೈಲಕುಪ್ಪೆಯ ಸೆಖೆಗೆ ಸರೀನಾ? ದಿನಕ್ಕೆ ಹತ್ತು ಹದಿನೈದು ಲೋಟ ಉಪ್ಪು ಟೀ ಕುಡಿದರೆ ಬಿಪಿ ಇರೋರಿಗೆ ಒಳ್ಳೇದಲ್ಲ. ಹಳೇ ಇಟ್ಟಿಗೆ ಟೀಯಲ್ಲಿ ಬಲಿತ ಎಲೆ, ಕಡ್ಡಿ ಹೆಚ್ಚಿರೋದರಿಂದ ಫ್ಲೋರೈಡ್ ಅಂಶವೂ ಹೆಚ್ಚು. ಅದನ್ನೇ ಕುಡಿದು ಹಲ್ಲು, ಮೂಳೆ ಕೆಟ್ಟ ಉದಾಹರಣೆ ಟಿಬೆಟ್ಟಿನಲ್ಲೇ ಇವೆ. ಇತ್ತ ನಮ್ಮ ನಾಲ್ಕು ಚಮಚ ಸಕ್ಕರೆಯ ಟೀ ಏನು ಸಾಚಾನಾ? ಸಕ್ಕರೆ ಕಾಯಿಲೆ ಯಾರ ಮನೆಯಲ್ಲಿಲ್ಲ ಹೇಳಿ. ಊರು ಬದಲಾದಾಗ, ಕೆಲಸ ಬದಲಾದಾಗ, ಲೋಟದ ಅಳತೆಯೂ ಬದಲಾಗಬೇಕು. ಕ್ಯಾಂಪಿನ ಹೊಸ ತಲೆಮಾರು ಅದನ್ನು ಮಾಡಿಕೊಂಡಿದೆ. ಹುಡುಗರು ಹೆಚ್ಚಾಗಿ ಕುಡಿಯೋದು ಸಿಹಿ ಟೀ, ಅವರ ಮಾತಲ್ಲಿ ಚಾ ಙರ್ಮೊ. ಬೆಣ್ಣೆ ಟೀ ಹಿರಿಯರ ಬೆಳಗಿಗೆ, ಮಠದ ಪೂಜೆಗೆ, ಲೋಸಾರ್ ಹೊಸ ವರ್ಷಕ್ಕೆ ಉಳಿದಿದೆ.

ಆ ಹುಡುಗರೂ ಇಲ್ಲಿ ಎಷ್ಟು ದಿನ? ಕೆನಡಾ, ಅಮೆರಿಕ, ಯುರೋಪು ಅಂತ ಹೊರಡ್ತಿದ್ದಾರೆ. ಮನೆಯಲ್ಲಿ ಉಳಿಯೋದು ಮುದುಕರು. ಇದು ನಮ್ಮ ಹಳ್ಳಿಗಳ ಕತೆ ಕೂಡ ಅಲ್ವಾ? ಹೋಗೋ ಮಕ್ಕಳ ಸೂಟ್‌ಕೇಸಿನಲ್ಲಿ ಏನಿರುತ್ತೆ? ನಮ್ಮವರದ್ದರಲ್ಲಿ ಸಾರಿನ ಪುಡಿ, ಹುರಿಹಿಟ್ಟು, ಮತ್ತೆ ಮಿಕ್ಸಿ. ಇಲ್ಲಿ ಒಂದು ಉಪಯೋಗದ ಮಾತು. ಇಲ್ಲಿನ 230 ವೋಲ್ಟ್ ಮಿಕ್ಸಿ ಅಮೆರಿಕದಲ್ಲಿ ನಿದ್ದೆಗಣ್ಣಿನಲ್ಲಿ ತಿರುಗುತ್ತೆ, ಚಟ್ನಿ ಆಗಲ್ಲ. ಇಲ್ಲಿನ ಕೆಟಲ್ ಅಲ್ಲಿ ಕಾಲುಭಾಗಕ್ಕಿಂತ ಸ್ವಲ್ಪವೇ ಹೆಚ್ಚು ಕಾವು ಕೊಡುತ್ತೆ, ಯಾಕೆಂದರೆ ವೋಲ್ಟೇಜ್ ಅರ್ಧವಾದರೆ ಶಾಖ ಕಾಲಾಗುತ್ತೆ. ಅಲ್ಲಿನದನ್ನು ಇಲ್ಲಿಗೆ ತಂದು ಚುಚ್ಚಿದರೆ ಒಂದೇ ಕ್ಷಣ, ಸುಟ್ಟ ವಾಸನೆ. ಮಗನಿಗೆ ಕಳಿಸೋ ಮುಂಚೆ ತಳದ ಚೀಟಿ ಓದಿ. 110-120 ವೋಲ್ಟ್ ಅಂತ ಇದ್ದರೆ ಮಾತ್ರ ಕಳಿಸಿ. ಅದಕ್ಕೆಂದೇ ಮಾಡಿದ ಮಿಕ್ಸಿಗಳು ಸಿಗುತ್ತವೆ.

ಆ ಅಜ್ಜಿಯ ಮೊಮ್ಮಗಳೂ ಹೊರದೇಶದಲ್ಲಿದ್ದಾಳೆ. ಅಲ್ಲಿ ಅವಳು ಲೋಸಾರ್ ದಿನ ಬೆಣ್ಣೆ ಟೀ ಮಾಡೋದು ಅಲ್ಲಿನ ಬ್ಲೆಂಡರಿನಲ್ಲಿ. ವಿಡಿಯೊ ಕಾಲ್ ಮಾಡಿ 'ಮೋಲಾ, ಉಪ್ಪು ಎಷ್ಟು?' ಅಂತ ಕೇಳ್ತಾಳಂತೆ. ಮೋಲಾ ಅಂದರೆ ಅಜ್ಜಿ. ಯೋಚನೆ ಮಾಡಿ. ಆ ಹುಡುಗಿ ಟಿಬೆಟ್ ನೋಡಿಲ್ಲ. ಯಾಕ್ ನೋಡಿಲ್ಲ. ಡೊಂಗ್ಮೊ ಆಡಿಸಿ ಗೊತ್ತಿಲ್ಲ. ಮರ ಹೋಯಿತು, ಸ್ಟೀಲ್ ಜಾರು ಬಂತು, ಈಗ ಗಾಜಿನ ಜಾರು. ಬೆಣ್ಣೆಯೂ ಬದಲಾಯಿತು. ಉಳಿದದ್ದು ಉಪ್ಪಿನ ಅಳತೆ ಕೇಳೋ ಆ ಒಂದು ಪ್ರಶ್ನೆ.

ಸಂಪ್ರದಾಯ ಉಳಿಸಬೇಕು ಅಂತ ನಮ್ಮಲ್ಲಿ ಭಾಷಣ ಬೇಕಾದಷ್ಟು ನಡೆಯುತ್ತೆ. ಒರಳುಕಲ್ಲನ್ನು ಹೊತ್ತು ತಂದು ಮ್ಯೂಸಿಯಂನಲ್ಲಿ ಇಡ್ತೀವಿ, ಫೋಟೋ ಹೊಡೀತೀವಿ. ತಪ್ಪಲ್ಲ. ಆದರೆ ಕಲ್ಲು ಉಳಿದು ಅದರಲ್ಲಿ ರುಬ್ಬುತ್ತಿದ್ದ ಹುಚ್ಚೆಳ್ಳು ಚಟ್ನಿ ಮರೆತುಹೋದರೆ ಏನು ಉಳಿದಂತಾಯಿತು? ಬೈಲಕುಪ್ಪೆಯವರು ಉಲ್ಟಾ ಮಾಡಿದರು. ಸಾಧನಕ್ಕೆ ಜೋತುಬೀಳಲಿಲ್ಲ, ಅದನ್ನು ಕಪಾಟಿನ ಮೇಲಿಟ್ಟು, ಟೀ ಉಳಿಸಿಕೊಂಡರು. ದೇಶ ಕಳಕೊಂಡವರು ಅಷ್ಟಾದರೂ ಉಳಿಸಿಕೊಂಡರಲ್ಲ. ಅದು ಸಾಧ್ಯವಾಗಿದ್ದು ನಮ್ಮ ಹಸುವಿನ ಬೆಣ್ಣೆಯಿಂದ, ನಮ್ಮ ಚಟ್ನಿ ಮಿಕ್ಸಿಯಿಂದ. ನಮಗೇ ಗೊತ್ತಿಲ್ಲದೆ ನಾವೂ ಅದರಲ್ಲಿ ಪಾಲುದಾರರು.

ಮುಂದಿನ ಸಲ ಕುಶಾಲನಗರಕ್ಕೆ ಹೋಗುವಾಗ ಬೈಲಕುಪ್ಪೆಯಲ್ಲಿ ಗಾಡಿ ನಿಲ್ಲಿಸಿ. ಬರೀ ಬಂಗಾರದ ಬುದ್ಧನ ಮುಂದೆ ಸೆಲ್ಫಿ ತಗೊಂಡು ಬರಬೇಡಿ. ಒಂದು ಲೋಟ ಉಪ್ಪಿನ ಟೀ ಕೇಳಿ. ಇಷ್ಟ ಆಗದಿದ್ದರೆ ಬಿಡಿ, ಒತ್ತಾಯ ಇಲ್ಲ. ಆದರೆ 'ಅದೂ ಒಂದು ಟೀನಾ?' ಅಂತ ಮಾತ್ರ ಅನ್ನಬೇಡಿ. ನಮ್ಮ ಹಾಲು ಟೀಗೆ ಇಂಗ್ಲಿಷರು ಅಂದ ಮಾತೂ ಅದೇ ಇದ್ದಿರಬಹುದು.